ಮೂರನೆಯ ಫೋಟೋ

ಸಿರುಗುಪ್ಪ
16 ನವೆಂಬರ್ 2025, ಭಾನುವಾರ

ನನ್ನ ಸುನಂದವ್ವಗೆ,

ಮೊದಲು ಎಲ್ಲರ ಆರೋಗ್ಯ ತಿಳಿಸು. ನಿಮ್ಮವ್ವ, ನನ್ನ ತಂಗಿ ಎರ್ರಮ್ಮನ ಕಾಲಿನ ಬಾವು ಇಳಿಯಿತೆ? ಉಪ್ಪಿಲ್ಲದ ಸಾರಿಗೆ ಮುಖ ತಿರುಗಿಸುತ್ತಾಳೆ ಎಂದು ನೀನು ಬರೆದಿದ್ದೆ. ನಿಂಬೆಹಣ್ಣು ಹಿಂಡಿ ಕೊಟ್ಟು ನೋಡು, ಎರಡು ತುತ್ತು ಹೆಚ್ಚು ಉಂಡಾಳು. ನಿನ್ನ ಗಂಡ ಹುಲುಗೇಶನಿಗೆ ಬಂದ ಜ್ವರ ಪೂರ್ತಿ ಬಿಟ್ಟಿತೆ? ಪುಟ್ಟ ವಿಜಯಲಕ್ಷ್ಮಿಗೆ ಮುಂದಿನ ಹಲ್ಲು ಬಿದ್ದ ಜಾಗದಲ್ಲಿ ಹೊಸದು ಮೊಳೆಯಿತೆ? ಇಲ್ಲಿ ನಿಮ್ಮತ್ತೆ ವಿರೂಪಮ್ಮ ಮೊಣಕಾಲು ಹಿಡಿದುಕೊಂಡೇ ಮನೆಯನ್ನೆಲ್ಲ ಆಳುತ್ತಿದ್ದಾಳೆ. ಊರ ಸುತ್ತ ಭತ್ತದ ಕೊಯ್ಲು ನಡೆದಿದೆ. ಆ ಧೂಳಿಗೆ ನನಗೆ ಸ್ವಲ್ಪ ಕೆಮ್ಮು, ಅಷ್ಟೆ.

ಈ ಪತ್ರವನ್ನು ಮನೆಗೆ ಹಾಕದೆ ಕುಡತಿನಿಗೆ, ನೀನು ನೀರು ಪರೀಕ್ಷೆ ಮಾಡುವ ಕಚೇರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಬಳ್ಳಾರಿ ಕಂಟೋನ್ಮೆಂಟಿನ ಮನೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ಒಳಗೆ ಮಲಗಿದ ನಿಮ್ಮವ್ವನಿಗೆ ಕೇಳಿಸುತ್ತದೆ. ಈ ಮಾತು ಮುಟ್ಟಬೇಕಾದದ್ದು ಅವಳಿಗೇ, ನಿಜ. ಆದರೆ ಗೋಡೆಯಾಚೆಯಿಂದ ಮುಟ್ಟಬಾರದು.

ನಿನ್ನ ಪತ್ರ, ಮೂರು ಫೋಟೋ ಎರಡೂ ಬಂದವು. ಮೂರನ್ನೂ ಮೇಜಿನ ಮೇಲೆ ಹರಡಿಕೊಂಡೇ ಬರೆಯುತ್ತಿದ್ದೇನೆ. "ಡಾಕ್ಟರು ಬರೋ ಬೇಸಿಗಿ ಕಂಡ್ರ ಹೆಚ್ಚು ಅಂದಾರ, ಮಾವ. ನನ್ನ ಮದಿವಿ ಆಲ್ಬಮ್ಮಿನಾಗೂ ಅವ್ವ ಇಲ್ಲ. ಆಕಿ ನನ್ನ ಕಡೆ ನೋಡೋ ಒಂದ ಒಂದು ಫೋಟೋ ಬೇಕು ನನಗ. ಅದಕ್ಕ ಈ ಕ್ಯಾಮೆರಾ ತಗೊಂಡೆ. ಅಪರ್ಚರ್ ಅಂದ್ರೇನು, ಐಎಸ್ಒ ಅಂದ್ರೇನು, ಒಂದೂ ತಿಳೀವಲ್ದು. ಕಲಿಸಿಕೊಡ್ರಿ" ಎಂದು ಬರೆದಿದ್ದೀಯ. ನೀನು ಎದುರಿಗೆ ಕೂತು ಮಾತಾಡಿದಂತೆಯೇ ಬರೆಯುತ್ತೀಯ ತಾಯಿ. ನಿಮ್ಮತ್ತೆಗೂ ಓದಿ ಹೇಳಿದೆ.

ಇರಲಿ. ಮೊದಲು ಪಾಠ.

ನನಗೂ ಯಾರೂ ಕಲಿಸಿದವರಿಲ್ಲ. ಕ್ಯಾಮೆರಾ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಚಿತ್ರ ನೋಡಿ ನೋಡಿ ಕಲಿತೆ. ಹಾಗೆ ಕಲಿತವನು ತಪ್ಪನ್ನೂ ತಾನೇ ಮಾಡಿ ತಾನೇ ತಿದ್ದಿಕೊಳ್ಳಬೇಕು.

ಅಪರ್ಚರ್ ಎಂದರೆ ಲೆನ್ಸಿನೊಳಗಿನ ಕಂಡಿ. ತೆಕ್ಕಲಕೋಟೆಯ ನಿಮ್ಮ ಗದ್ದೆಗೆ ಕಾಲುವೆಯಿಂದ ನೀರು ಬಿಡುವ ತೂಬು ನೆನಪಿದೆಯಲ್ಲ? ಹಲಗೆ ಎತ್ತಿದಷ್ಟೂ ನೀರು. ಇಲ್ಲಿ ನೀರಿನ ಬದಲು ಬೆಳಕು, ಹಲಗೆಯ ಬದಲು ತೆಳು ತಗಡಿನ ಎಲೆಗಳು. ಇಷ್ಟು ಸುಲಭ. ಎಲ್ಲರೂ ಎಡವುವುದು ಅಂಕಿಯಲ್ಲಿ. ನಾಲ್ಕು ಎಂದರೆ ದೊಡ್ಡ ಕಂಡಿ, ಇಪ್ಪತ್ತೆರಡು ಎಂದರೆ ಸೂಜಿ ತೂರುವಷ್ಟು ಸಣ್ಣ ಕಂಡಿ. ಉಲ್ಟಾ ಅಲ್ಲವೆ? ಉಲ್ಟಾ ಅಲ್ಲ. ಒಂದು ರೊಟ್ಟಿಯನ್ನು ನಾಲ್ಕು ಜನರಿಗೆ ಹರಿದರೆ ತುಂಡು ದೊಡ್ಡದು, ಇಪ್ಪತ್ತೆರಡು ಜನರಿಗೆ ಹರಿದರೆ ಚೂರು. ಲೆನ್ಸಿನ ಉದ್ದವನ್ನು ಎಷ್ಟು ಪಾಲು ಮಾಡಿದ್ದಾರೆ ಎನ್ನುವುದೇ ಆ ಅಂಕಿ.

ಈ ರೊಟ್ಟಿಯ ಬುದ್ಧಿ ನನಗೆ ಬಂದದ್ದು ಕುರುಗೋಡಿನ ಜಡೆಪ್ಪ ಎಂಬವನ ಮಗಳ ಮದುವೆ ಹಾಳು ಮಾಡಿದ ಮೇಲೆ. ಚಪ್ಪರದ ನೆರಳಲ್ಲಿ ಹೆಚ್ಚು ಬೆಳಕು ಬೇಕೆಂದು ಅಂಕಿಯನ್ನು ಇಪ್ಪತ್ತೆರಡಕ್ಕೆ ಏರಿಸಿ ಎರಡು ರೀಲು ತೆಗೆದಿದ್ದೆ. ಜಡೆಪ್ಪ ಒಂದೊಂದೇ ಫೋಟೋ ತಿರುವಿ ನೋಡಿದ. "ಏನಪಾ ಗಾದಿಲಿಂಗ, ಹಗಲು ಹನ್ನೆರಡಕ್ಕ ಅಕ್ಕಿಕಾಳು ಹಾಕಿದ್ವಿ. ನಿನ್ನ ಫೋಟೋದಾಗ ನೋಡಿದ್ರ ಅಮಾಸಿ ದಿನ ಕದ್ದು ಮದಿವಿ ಮಾಡಿಧಂಗ ಐತಿ. ಇದರಾಗ ಮದಿಮಗಳು ಯಾವಾಕಿ, ಕಂಬ ಯಾವುದು, ನೀನ ತೋರ್ಸು" ಎಂದ. ನಾನು ಬೆರಳಿಟ್ಟು ತೋರಿಸಿದೆ. ತೋರಿಸಿದ್ದು ಕಂಬವನ್ನೇ.

ಇನ್ನು ಐಎಸ್ಒ. ಇದು ಕಂಡಿಯಲ್ಲ. ಒಳಗೆ ಬಂದಷ್ಟು ಬೆಳಕನ್ನು ಕ್ಯಾಮೆರಾ ಎಷ್ಟು ಜೋರು ಮಾಡಿ ತೋರಿಸಬೇಕು ಎನ್ನುವ ಅಳತೆ. ನೂರರಿಂದ ಇನ್ನೂರಕ್ಕೆ ಹೋದರೆ ಎರಡರಷ್ಟು, ನಾನೂರಕ್ಕೆ ಹೋದರೆ ಅದರ ಎರಡರಷ್ಟು. ದೂರದ ರೇಡಿಯೋ ಸ್ಟೇಷನ್ ಸಣ್ಣಗೆ ಕೇಳುತ್ತಿದ್ದರೆ ಕಿವಿ ತಿರುವಿ ದೊಡ್ಡದು ಮಾಡುತ್ತೇವಲ್ಲ, ಹಾಗೆ. ಮಾತು ಜೋರಾಗುತ್ತದೆ, ಅದರ ಜೊತೆ ಕರಕರ ಸದ್ದೂ ಜೋರಾಗುತ್ತದೆ. ಫೋಟೋದಲ್ಲಿ ಆ ಕರಕರ ಎಂದರೆ ಮುಖದ ಮೇಲೆ ರವೆ ಚೆಲ್ಲಿದಂತೆ ಕಾಣುವ ಕಾಳುಗಳು. ನಮ್ಮ ಕಾಲದಲ್ಲಿ ಈ ಅಂಕಿ ರೀಲಿನ ಡಬ್ಬಿಯ ಮೇಲೆಯೇ ಇರುತ್ತಿತ್ತು. ಒಮ್ಮೆ ರೀಲು ಹಾಕಿದರೆ ಮುಗಿಯುವವರೆಗೆ ಅದೇ ಗತಿ. ನಿನಗೆ ಒಂದೊಂದು ಫೋಟೋಕ್ಕೂ ಬದಲಿಸುವ ಭಾಗ್ಯವಿದೆ. ಕಾಳಿಗೆ ಹೆದರಬೇಡ. ಕಾಳು ಬಿದ್ದ ಮುಖವನ್ನು ಗುರುತು ಹಿಡಿಯಬಹುದು, ಕತ್ತಲಾದ ಮುಖವನ್ನು ಹಿಡಿಯಲಾಗದು.

ಈಗ ನಿನ್ನ ಫೋಟೋಗಳು, ಮೂರೂ ನಿಮ್ಮವ್ವ ಮಲಗಿದ್ದಾಗ ತೆಗೆದವು. ಹಿಂದೆ ಪೆನ್ಸಿಲಿನಲ್ಲಿ ಅಂಕಿ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಮೊದಲನೆಯದಕ್ಕೆ ಕಂಡಿ ಎಂಟು, ಐಎಸ್ಒ ನೂರು, ಶಟರ್, ಎಂದರೆ ಬೆಳಕಿಗೆ ಬಾಗಿಲು ತೆರೆದಿಡುವ ಹೊತ್ತು, ಅರವತ್ತರಲ್ಲಿ ಒಂದು ಸೆಕೆಂಡು. ಮುಚ್ಚಿದ ಕಿಟಕಿಯ ಕೋಣೆಗೆ ಇದು ಏನೇನೂ ಸಾಲದು. ಸ್ಟೀಲ್ ಲೋಟದ ಅಂಚೊಂದು ಹೊಳೆಯುತ್ತಿದೆ, ಉಳಿದದ್ದೆಲ್ಲ ಕಪ್ಪು. ಎರಡನೆಯದಕ್ಕೆ ಇಪ್ಪತ್ತೆರಡು ಇಟ್ಟಿದ್ದೀಯ. ಜಡೆಪ್ಪನ ಮದುವೆಗೆ ನಾನಿಟ್ಟ ಅಂಕಿಯೇ! ಶಟರನ್ನು ಅರ್ಧ ಸೆಕೆಂಡಿಗೆ ಇಳಿಸಿದೆ, ಕ್ಯಾಮೆರಾ ಕೈಯಲ್ಲೇ ಇತ್ತು, ಕೈ ನಡುಗಿತು. ಮಂಚವೂ ಅಲುಗಿದೆ, ಮಲಗಿದವಳೂ ಅಲುಗಿದ್ದಾಳೆ. ಮೂರನೆಯದಕ್ಕೆ ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು, ಕಂಡಿ ಐದೂವರೆ ಚಿಲ್ಲರೆ, ಶಟರ್ ಎರಡು ಸೆಕೆಂಡು. ಇದು ಚೆನ್ನಾಗಿ ಬಂದಿದೆ. ನನ್ನ ಹೊಗಳಿಕೆ ಇದಕ್ಕೆ.

ಆದರೆ ಎಚ್ಚರವಿದ್ದವರು ಎರಡು ಸೆಕೆಂಡು ಕಣ್ಣು ಮಿಟುಕಿಸದೆ ಕೂರಲಾರರು. ಆದ್ದರಿಂದ ಮುಂದಿನ ಸಲ ಹೀಗೆ ಮಾಡು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿಯ ಎರಡೂ ಬಾಗಿಲು ತೆರೆ. ಅವಳನ್ನು ಕಿಟಕಿಯ ಪಕ್ಕಕ್ಕೆ, ಬೆಳಕು ಒಂದು ಕೆನ್ನೆಯ ಮೇಲೆ ಬೀಳುವಂತೆ ಕೂಡಿಸು. ಲೆನ್ಸಿನ ಜೂಮನ್ನು ಐವತ್ತೈದಕ್ಕೆ ಎಳೆ, ಇಲ್ಲದಿದ್ದರೆ ಹತ್ತಿರ ಹೋದಾಗ ಮೂಗು ದಪ್ಪ ಕಾಣುತ್ತದೆ. ಅಲ್ಲಿ ನಿನ್ನ ಲೆನ್ಸಿನ ಕಂಡಿ ಐದೂವರೆ ಚಿಲ್ಲರೆಗಿಂತ ದೊಡ್ಡದಾಗಿ ತೆರೆಯುವುದಿಲ್ಲ, ಅದೇ ಸಾಕು. ಐಎಸ್ಒ ಸಾವಿರದ ಆರುನೂರು. ಶಟರ್ ನೂರಾ ಇಪ್ಪತ್ತೈದರಲ್ಲಿ ಒಂದು. ಕಂಡಿ ಪೂರ್ತಿ ತೆರೆದಿರುವುದರಿಂದ ಹಿಂದಿರುವ ಔಷಧದ ಡಬ್ಬಿಗಳು ಮಸುಕಾಗುತ್ತವೆ, ಮುಖವೊಂದೇ ಎದ್ದು ನಿಲ್ಲುತ್ತದೆ. ಎಲ್ಲ ಮಾಡಿ ಕೊನೆಗೆ ಕಣ್ಣಿಗೆ ಫೋಕಸ್ ಮಾಡು. ಕಿವಿ ಮಸುಕಾದರೂ ನಡೆಯುತ್ತದೆ, ಕಣ್ಣು...

ಇಲ್ಲಿಗೆ ಪೆನ್ನಿಟ್ಟು ಎದ್ದು ಹೋಗಿದ್ದೆ. ಅಂಗಳದಲ್ಲಿ ಎರಡು ಸುತ್ತು ಹಾಕಿದೆ. ನಿಮ್ಮತ್ತೆ ಬಾಗಿಲಲ್ಲಿ ನಿಂತು, "ಪಾಠ ಮುಗೀತೇನ್ರಿ ಮಾಸ್ತರ್ರ?" ಎಂದಳು. ಮುಗಿಯಿತು ಎಂದೆ. "ಮುಗದಿಲ್ಲ. ಆ ಹುಡುಗಿಗೆ ಬೆಳಕಿಂದು ಅಡ್ಡಿಲ್ರಿ, ನಿಮ್ಮದ ಅಡ್ಡಿ. ಮೂವತ್ತೆರಡು ವರ್ಷ ಹೊಟ್ಯಾಗ ಇಟ್ಕೊಂಡಿದ್ದು ಸಾಕು, ಬರೀರಿ" ಎಂದು ಒಳಗೆ ಹೋದಳು. ಬರೆಯುತ್ತೇನೆ.

ನೀನು ಕೇಳಿದ್ದೆ, "ಕ್ಯಾಮೆರಾ ತಗದ ಕೂಡ್ಲೆ ಅವ್ವ 'ಆ ಡಬ್ಬಿ ಒಳಗಿಡು' ಅಂತ ಗ್ವಾಡಿ ಕಡೆ ತಿರುಗ್ತಾಳ, ಯಾಕ ಮಾವ?" ಎಂದು. ನಿನ್ನ ಮದುವೆಯಲ್ಲೂ ನೀನು ಇದನ್ನೇ ಕೇಳಿದ್ದೆ. ಆಗ ನನಗೆ ಗೊತ್ತಿಲ್ಲ ಎಂದಿದ್ದೆ. ಸುಳ್ಳು ಹೇಳಿದ್ದೆ, ತಾಯಿ.

ನಮ್ಮಲ್ಲಿ ತೀರಿಕೊಂಡವರನ್ನು ಮಣ್ಣಿಗೆ ಒಯ್ಯುವ ಮೊದಲು ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಮನೆಯವರು ಆಚೀಚೆ ನಿಂತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಅನೇಕರಿಗೆ ಅದೇ ಮೊದಲನೆಯದೂ ಆಗಿರುತ್ತಿತ್ತು. ಸಿರುಗುಪ್ಪದಿಂದ ತೆಕ್ಕಲಕೋಟೆಯವರೆಗೆ ಆ ಕೆಲಸಕ್ಕೆ ನನ್ನನ್ನೇ ಕರೆಯುತ್ತಿದ್ದರು. ಕಾರಣವಿತ್ತು. ಫೋಟೋದಲ್ಲಿ ಮುಚ್ಚಿದ ಕಣ್ಣಿನ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆದು ಕೊಡುತ್ತಿದ್ದೆ. ಗೋಡೆಗೆ ಹಾಕಿದರೆ ಬದುಕಿದ್ದಾಗ ತೆಗೆಸಿದಂತೆಯೇ ಕಾಣುತ್ತಿತ್ತು. ಜನ ಕೈಮುಗಿಯುತ್ತಿದ್ದರು. ನನಗೆ ಹೆಮ್ಮೆಯಿತ್ತು.

ನೀನು ಹುಟ್ಟುವ ಮೂರು ವರ್ಷ ಮೊದಲು ನಿನಗೊಬ್ಬ ಅಣ್ಣನಿದ್ದ, ಹನ್ನೊಂದು ತಿಂಗಳಿಗೆ ಹೋದ ಎನ್ನುವುದಷ್ಟೇ ನಿನಗೆ ಗೊತ್ತು. ಪ್ರಭುಲಿಂಗ ಅವನ ಹೆಸರು. ಮೂರೇ ದಿನದ ಜ್ವರ. ನಾನು ಸುದ್ದಿ ಕೇಳಿ ತೆಕ್ಕಲಕೋಟೆಗೆ ಹೋದಾಗ ಎರ್ರಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಇಪ್ಪತ್ತೊಂದು ವರ್ಷ ಅವಳಿಗೆ. ಕ್ಯಾಮೆರಾ ನನ್ನ ಹೆಗಲಲ್ಲಿತ್ತು. ನಾನು ಅಣ್ಣನಾಗಿ ಹೋದೆನೋ ಫೋಟೋದವನಾಗಿ ಹೋದೆನೋ, ಇವತ್ತಿಗೂ ಹೇಳಲಾರೆ. ಅವಳನ್ನು ಕೇಳದೆಯೇ ಒಂದು ಫೋಟೋ ತೆಗೆದೆ. ಅವಳು ತಲೆಯೆತ್ತಲಿಲ್ಲ.

ನಿಮ್ಮಪ್ಪನ ತಂದೆ ಕೊಟ್ಟೂರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. "ಬೀಗರ, ನನ್ನ ಮೊಮ್ಮಗ ಕಣ್ಣು ಮುಚ್ಚಿದ್ದು ಈ ಮನ್ಯಾಗ ಬ್ಯಾಡ. ಕಣ್ಣು ತೆರೆಸಿ ಕೊಡ್ರಿ. ತಾಯಿನ್ನ ತಗದುಬಿಡ್ರಿ, ಕೂಸು ಒಂದ ಇರ್ಲಿ" ಎಂದರು. ಅವರದೂ ಸಂಕಟವೇ, ಅವರನ್ನು ದೂರಲಾರೆ. ನಾನು ನಿಮ್ಮವ್ವನ ಮುಖವನ್ನು ಕತ್ತರಿಸಿ ತೆಗೆದೆ. ಕೂಸಿಗೆ ಕಣ್ಣು ಬರೆದೆ. ಆ ಮಗುವನ್ನು ನಾನು ಜೀವಂತ ನೋಡಿದ್ದು ಎರಡೇ ಸಲ. ಅದರ ಕಣ್ಣು ಹೇಗಿದ್ದವೆಂದು ನನಗೆ ಗೊತ್ತಿರಲಿಲ್ಲ. ಕೈಗೆ ರೂಢಿಯಾಗಿದ್ದ ಕಣ್ಣನ್ನೇ ಬರೆದೆ.

ಚೌಕಟ್ಟು ಹಾಕಿಸಿ ಒಯ್ದಾಗ ಎಲ್ಲರೂ "ಜೀವಂತ ಕುಂತಂಗ ಐತಿ" ಎಂದರು. ನಾನು ತಂಗಿಯ ಮುಖ ನೋಡಿದೆ. ಅವಳೂ ಹಾಗೆ ಅನ್ನಲಿ ಎಂದು ನೋಡಿದೆ, ಸುನಂದಾ. ಅವಳು ತುಂಬ ಹೊತ್ತು ಫೋಟೋ ದಿಟ್ಟಿಸಿದಳು. "ಅಣ್ಣಾ, ಇವು ಯಾರ ಕಣ್ಣು?" ಎಂದಳು.

"ನಿನ್ನ ಮಗಂದವ ಅಲ್ಲೇನವ್ವಾ."

"ಅಲ್ಲ. ಎಲ್ಲಾ ಮನಿಯವ್ರಿಗೂ ಬರದು ಕೊಡ್ತೀಯಲ್ಲ, ಆ ಕಣ್ಣಿವು."

ಅದಾಗಿ ಮೂರು ತಿಂಗಳಿಗೆ ಒಬ್ಬಳೇ ಬಸ್ಸು ಹತ್ತಿ ಸಿರುಗುಪ್ಪಕ್ಕೆ, ನನ್ನ ಅಂಗಡಿಗೇ ಬಂದಳು. ಕೂರು ಎಂದರೆ ಕೂರಲಿಲ್ಲ. "ಕಣ್ಣು ಮುಚ್ಚಿದ್ದ ಫೋಟೋನ ಕೊಡು ಅಣ್ಣಾ. ದಿನಾ ಪಡಸಾಲ್ಯಾಗ ಅದನ್ನ ನೋಡಿ ನೋಡಿ, ನನ್ನ ಕೂಸಿನ ಕಣ್ಣು ಹೆಂಗಿದ್ವು ಅನ್ನೋದ ಮರತುಹೋತು. ನೆನಸ್ಕೊಂಡ್ರ ನೀ ಬರದ ಕಣ್ಣ ಬರ್ತಾವ" ಎಂದಳು.

ಕಣ್ಣು ಬರೆದದ್ದು ಪ್ರಿಂಟಿನ ಕಾಗದದ ಮೇಲೆ. ನೆಗೆಟಿವ್ ನನ್ನ ಡ್ರಾಯರಿನಲ್ಲಿ, ಅವಳು ನಿಂತ ಜಾಗದಿಂದ ಒಂದು ಮೊಳ ದೂರದಲ್ಲಿತ್ತು. ಅದರಲ್ಲಿ ಕೂಸು ಕಣ್ಣು ಮುಚ್ಚಿಕೊಂಡೇ ಇತ್ತು, ಅವಳೂ ಇದ್ದಳು. ನಾನು, "ನೆಗೆಟಿವ್ ಮ್ಯಾಲೇ ಬರದುಬಿಟ್ಟೀನವ್ವಾ, ಬ್ಯಾರೆ ಇಲ್ಲ" ಎಂದೆ.

ಯಾಕೆ ಹಾಗೆಂದೆ? ಬೀಗರಿಗೆ ಹೆದರಿ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ಆ ಫೋಟೋ ಕೊಟ್ಟರೆ ನನ್ನ ಕೈಚಳಕ ಅವಳಿಂದ ಏನನ್ನು ಕಿತ್ತುಕೊಂಡಿತು ಎಂದು ಒಪ್ಪಿಕೊಂಡಂತೆ. ಊರೆಲ್ಲ ಹೊಗಳಿದ ಕೈ ಅದು. ಒಪ್ಪಲು ಮನಸ್ಸಾಗಲಿಲ್ಲ. ಅವಳು ನೀರೂ ಕುಡಿಯದೆ ಇಳಿದು ಹೋದಳು. ಅಂದಿನಿಂದ ಕ್ಯಾಮೆರಾ ಎದುರು ನಿಂತಿಲ್ಲ. ಸರ್ಕಾರದ ಕಾರ್ಡಿಗೆ ಬೇಕೆಂದು ಎರಡು ಸಲ ಕೂತಿರಬೇಕು, ಅಷ್ಟೆ. ಕೊಟ್ಟೂರಪ್ಪನವರು ತೀರಿಕೊಂಡ ವರ್ಷ, ನೀನಿನ್ನೂ ಕೈಗೂಸಾಗಿದ್ದಾಗ, ಆ ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಕೈಯಾರೆ ಒಯ್ದು ಕಾಲುವೆಗೆ ಬಿಟ್ಟಳಂತೆ. ಆಗಲೂ ಡ್ರಾಯರು ತೆಗೆಯದೆ ಸುಮ್ಮನಿದ್ದೆ. ನಾನು ಕಣ್ಣು ಬರೆಯುವುದನ್ನಂತೂ ಬಿಟ್ಟೆ. ಯಾರಾದರೂ ಕೇಳಿದರೆ ಕೈ ನಡುಗುತ್ತದೆ ಎನ್ನುತ್ತಿದ್ದೆ. ಅದೂ ಸುಳ್ಳೇ.

ನಿನ್ನ ಪತ್ರ ಬಂದ ಮೇಲೆ, ಹೋದ ಗುರುವಾರ, ನೆಗೆಟಿವನ್ನು ಬಿಳಿ ಕಾಗದದಲ್ಲಿ ಸುತ್ತಿಕೊಂಡು ಬಳ್ಳಾರಿಗೆ ಬಂದಿದ್ದೆ. ನಿನಗೆ ಹೇಳಲಿಲ್ಲ. ಒಂದು ಕಲರ್ ಲ್ಯಾಬಿನಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿ ತೋರಿಸಿದರು. ಮೂವತ್ತೆರಡು ವರ್ಷದ ಮೇಲೆ ಆ ಪಡಸಾಲೆ ಪರದೆಯ ಮೇಲೆ ಎದ್ದುಬಂತು. ಲ್ಯಾಬಿನಾತ ಒಳ್ಳೆಯವನೇ. "ಯಜಮಾನ್ರ, ಕೂಸು ಕಣ್ಣು ಮುಚ್ಚೈತಲ್ರಿ. ಇದರಾಗ ತೆರೆಸಿಬಿಡ್ತೀನಿ, ಎರಡು ನಿಮಿಷದ ಕೆಲಸ" ಎಂದ. "ಬ್ಯಾಡಪ್ಪಾ, ಹೆಂಗೈತಿ ಹಂಗ ಇರ್ಲಿ" ಎಂದೆ. ಹಾಗೆಯೇ ಒಂದು ಪ್ರಿಂಟು ಹಾಕಿಸಿಕೊಂಡೆ.

ಪ್ರಿಂಟು ಕಂಕುಳಲ್ಲಿಟ್ಟುಕೊಂಡು ಕಂಟೋನ್ಮೆಂಟಿಗೂ ಬಂದೆ. ನಿಮ್ಮ ಓಣಿಯ ತುದಿಯಲ್ಲಿ ನಿಂತೆ. ತಂತಿಯ ಮೇಲೆ ವಿಜಯಲಕ್ಷ್ಮಿಯ ಶಾಲೆಯ ಅಂಗಿ ಒಣಗುತ್ತಿತ್ತು. ಅಲ್ಲಿಂದಲೇ ತಿರುಗಿದೆ. ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಬಂದೆ.

ಆ ಪ್ರಿಂಟು ಈ ಪತ್ರದ ಜೊತೆ ದಪ್ಪ ರಟ್ಟಿನ ನಡುವೆ ಇದೆ. ಬಿಚ್ಚಿ ನೋಡು, ಹೆದರಬೇಡ. ಕೂಸು ಹಾಲು ಕುಡಿದು ಮಲಗಿದಂತಿದೆ. ನಿಮ್ಮವ್ವನನ್ನು ನೋಡಿದರೆ ಬೆಚ್ಚುತ್ತೀಯ, ನಿನ್ನದೇ ಹಣೆ, ನಿನ್ನದೇ ಗಲ್ಲ. ಅವಳಿಗೆ ಒಪ್ಪಿಸುವ ಕೆಲಸ ನಿನಗೆ ಹೊರಿಸುತ್ತಿದ್ದೇನೆ. ಇದೂ ಒಂದು ಹೇಡಿತನವೇ, ಬಲ್ಲೆ. ಕೊಡುವ ದಿನ ಕ್ಯಾಮೆರಾವನ್ನು ಕೋಣೆಯೊಳಗೆ ಒಯ್ಯಬೇಡ. ನೆಗೆಟಿವ್ ಇತ್ತು, ಅಣ್ಣ ಸುಳ್ಳು ಹೇಳಿದ್ದ ಎಂದು ನೇರವಾಗಿ ಹೇಳು. ಮೆದು ಮಾಡಬೇಡ. ಬೈದರೆ ಬೈಯಲಿ. ಹರಿದು ಹಾಕಿದರೆ ಹರಿಯಲಿ, ಅದು ಅವಳದು. ನಾನು ಬರಬಹುದು ಎಂದರೆ ಅಂದೇ ಬರುತ್ತೇನೆ. ಬರಬೇಡ ಎಂದರೂ ನನಗದು ತಿಳಿಯಬೇಕು.

ಇನ್ನೊಂದು ಮಾತು. ಮಲಗಿದವಳ ಫೋಟೋ ಇನ್ನು ತೆಗೆಯಬೇಡ. ನಿನ್ನ ಮೂರನ್ನೂ ನೋಡಿದಾಗ ನನ್ನ ಹಳೆಯ ಕೆಲಸವೇ ಎದುರಿಗೆ ಬಂದಂತಾಯಿತು. ಮುಚ್ಚಿದ ಕಣ್ಣು, ಅವಳಿಗೆ ತಿಳಿಯದಂತೆ, ಅವಳನ್ನು ಕೇಳದೆ. ನಾನು ಮಾಡಿದ್ದೂ ಇದನ್ನೇ. ನೀನು ಕೇಳಿ ತೆಗೆ. ಒಲ್ಲೆ ಎಂದರೆ ಬಿಟ್ಟುಬಿಡು. ಫೋಟೋ ಇಲ್ಲದೆಯೂ ತಾಯಿಯ ಮುಖ ನೆನಪಿರುತ್ತದೆ. ಯಾರೂ ಅದರ ಮೇಲೆ ಬೇರೆ ಬರೆಯದಿದ್ದರೆ ಸಾಕು.

ಎಲ್ಲರಿಗೂ ನನ್ನ, ನಿಮ್ಮತ್ತೆಯ ಆಶೀರ್ವಾದ.

ನಿನ್ನ ಮಾವ,
ಗಾದಿಲಿಂಗಪ್ಪ

ಮರೆತ ಮಾತು: ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲು ನಿನ್ನ ಮೂರನೆಯ ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದು ಭೂತಗನ್ನಡಿ ಹಿಡಿದು ನೋಡಿದೆ. ಎರಡು ಸೆಕೆಂಡು ಶಟರ್ ತೆರೆದಿದ್ದ ಫೋಟೋ ಅದು. ಅಷ್ಟು ಹೊತ್ತಿನಲ್ಲಿ ಮಲಗಿದವರ ಎದೆ ಏರುತ್ತದೆ ಇಳಿಯುತ್ತದೆ, ಮೇಲಿನ ಬಟ್ಟೆ ಮಸುಕಾಗಲೇಬೇಕು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ನಿಮ್ಮವ್ವನಿಗಂತೂ ಖಂಡಿತ. ಆದರೆ ಅವಳ ಎದೆಯ ಮೇಲಿನ ಸೆರಗಿನ ಅಂಚಿನಲ್ಲಿ ನೂಲು ನೂಲೂ ಎಣಿಸುವಷ್ಟು ಸ್ಪಷ್ಟವಾಗಿದೆ. ಅವಳು ಮಲಗಿರಲಿಲ್ಲ, ಸುನಂದಾ. ಶಟರ್ ತೆರೆದ ಸದ್ದು ಕೇಳಿ ಉಸಿರು ಬಿಗಿ ಹಿಡಿದಿದ್ದಾಳೆ, ಮುಚ್ಚಿದ ಸದ್ದಾಗುವವರೆಗೂ ಬಿಟ್ಟಿಲ್ಲ. ಫೋಟೋ ಕೆಡದಿರಲಿ ಎಂದು. ಅವಳಿಗೆ ತಿಳಿಯದಂತೆ ನೀನು ತೆಗೆದೆ ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕಬೇಕಿತ್ತು, ಆದರೆ ನಿನಗೆ ಎರಡೂ ಕಾಣಲಿ ಎಂದು ಹಾಗೇ ಬಿಟ್ಟಿದ್ದೇನೆ. ಹೋಗಿ ಕೇಳು ತಾಯಿ, ಹೆದರಬೇಡ. ಏನೆಂದಳು ಎನ್ನುವುದನ್ನು, ನನಗೆ ಬೈದಿದ್ದರೆ ಆ ಬೈಗುಳವನ್ನೂ ಬಿಡದೆ, ಬೇಗ ಬರೆ.